ವಾದ್ಯಶಿಲ್ಪಿ ಆರ್ವಿಲ್ ಗಿಬ್ಸನ್

ಸಂಗೀತಗಾರರ ಚರಿತ್ರೆಗಳು ಎಲ್ಲ ಭಾಷೆಗಳಲ್ಲಿಯೂ ಬೇಕಾದಷ್ಟಿವೆ. ಆದರೆ ಅವರಿಗೆ ವಾದ್ಯಗಳನ್ನು ಮಾಡಿಕೊಟ್ಟವರ ಚರಿತ್ರೆಗಳು ಬಹಳ ವಿರಳ. ವೀಣೆಯನ್ನು ನುಡಿಸಿದ ವಿದ್ವಾಂಸರ ಹೆಸರನ್ನು ನಾವು ಗೌರವದಿಂದ ನೆನೆಯುತ್ತೇವೆ. ಆ ವೀಣೆಯ ಕೊಡವನ್ನು ತೋಡಿದ ಆಚಾರಿ ಯಾರೆಂದು ಕೇಳುವುದಿಲ್ಲ. ಪಾಶ್ಚಾತ್ಯ ದೇಶಗಳಲ್ಲಿಯೂ ಬಹುಮಟ್ಟಿಗೆ ಇದೇ ಸ್ಥಿತಿ. ಗಿಟಾರ್ ವಾದ್ಯವನ್ನು ಬಲ್ಲವರಿಗೆಲ್ಲ ಗಿಬ್ಸನ್ ಎಂಬ ಹೆಸರು ಚಿರಪರಿಚಿತ. ಅದೊಂದು ಕಾರ್ಖಾನೆಯ ಹೆಸರೆಂದೇ ಬಹುಮಂದಿ ತಿಳಿದಿದ್ದಾರೆ. ಆದರೆ ಆ ಹೆಸರಿನ ಮನುಷ್ಯನೊಬ್ಬನಿದ್ದನು. ಜೋಡಿನ ಅಂಗಡಿಯಲ್ಲಿ ಗುಮಾಸ್ತನಾಗಿ ದುಡಿದು, ಬಿಡುವಿನ ವೇಳೆಯಲ್ಲಿ ಉಳಿ ಹಿಡಿದು ಮರವನ್ನು ಕೆತ್ತಿದವನು ಆತನು. ಆತನ ಬಾಳಿನ ಕಥೆ ದೊಡ್ಡದಲ್ಲ. ಆದರೆ ಕೈಕೆಲಸಕ್ಕೂ ಕೀರ್ತಿಗೂ ಇರುವ ಸಂಬಂಧವನ್ನು ಕುರಿತು ಅದು ನಮ್ಮನ್ನು ಚಿಂತನೆಗೆ ಹಚ್ಚುತ್ತದೆ.

ಆರ್ವಿಲ್ ಗಿಬ್ಸನ್ ಹುಟ್ಟಿದ್ದು 1856ರಲ್ಲಿ, ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ಷಾಟಗೇ ಎಂಬ ಊರಿನಲ್ಲಿ. ಕೆನಡಾ ದೇಶದ ಗಡಿಗೆ ಸಮೀಪವಾದ ಹಳ್ಳಿಗಾಡು ಅದು. ಪ್ರಾಪ್ತವಯಸ್ಕನಾದ ಮೇಲೆ ಆತನು ಜೀವನೋಪಾಯವನ್ನು ಅರಸುತ್ತ ಪಶ್ಚಿಮಕ್ಕೆ ಹೊರಟು ಮಿಷಿಗನ್ ಸಂಸ್ಥಾನದ ಕಲಮಜೂ ನಗರವನ್ನು ಸೇರಿದನು. ಅಲ್ಲಿ ಕೆಲವು ಕಾಲ ಪಾದರಕ್ಷೆಗಳ ಅಂಗಡಿಯಲ್ಲಿ, ಕೆಲವು ಕಾಲ ಊಟದ ಹೋಟೆಲಿನಲ್ಲಿ ಗುಮಾಸ್ತನಾಗಿದ್ದನು. ಹಗಲಿನ ಚಾಕರಿ ಹೊಟ್ಟೆಯ ಪಾಡಿಗೆ. ಮನಸ್ಸಿನ ತೃಪ್ತಿಗೆ ಮರಗೆಲಸ. ಈ ಎರಡು ಬಾಳುಗಳನ್ನೂ ಆತನು ವರ್ಷಗಟ್ಟಲೆ ಒಟ್ಟಿಗೆ ನಡೆಸಿದನು. 1894ರ ದಿನಾಂಕವುಳ್ಳ, ಆತನ ಕೈಯಿಂದಲೇ ಆದ ವಾದ್ಯವೊಂದು ಉಳಿದುಬಂದಿದೆ. ಆಗ ಆತನಿಗೆ ವಯಸ್ಸು ಮೂವತ್ತೆಂಟರ ಸುಮಾರು.

ಆತನು ಮಾಡಿದ್ದೇನೆಂಬುದನ್ನು ತಿಳಿಯಬೇಕಾದರೆ ಆ ಕಾಲದ ವಾದ್ಯಗಳ ರಚನೆಯನ್ನು ಸ್ವಲ್ಪ ನೋಡಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದಲ್ಲಿ ಮ್ಯಾಂಡೊಲಿನ್ ವಾದ್ಯಕ್ಕೆ ಬಹಳ ಪ್ರಚಾರವಿತ್ತು. ಅದು ಇಟಲಿಯ ನೇಪಲ್ಸ್ ನಗರದ ಮಾದರಿಯದು. ಮರದ ತೆಳುವಾದ ಸೀಳುಗಳನ್ನು ಕಾಯಿಸಿ ಬಗ್ಗಿಸಿ, ಒಂದರ ಪಕ್ಕಕ್ಕೊಂದು ಸರೇಸಿನಿಂದ ಅಂಟಿಸಿ, ಅರ್ಧ ಸೋರೆಬುರುಡೆಯ ಆಕಾರದ ಬೆನ್ನನ್ನು ಕಟ್ಟುತ್ತಿದ್ದರು. ಮುಂಭಾಗಕ್ಕೆ ತೆಳು ಹಲಗೆಯನ್ನು ಹೊದಿಸುತ್ತಿದ್ದರು. ಗಿಟಾರ್ ಸಹ ಇಂತಹುದೇ ಕಟ್ಟಡ. ಮುಂದಿನ ಹಲಗೆ ಸಪಾಟು, ಹಿಂದಿನದೂ ಸಪಾಟು, ಪಕ್ಕಗಳು ಬಗ್ಗಿಸಿದ ಪಟ್ಟಿಗಳು. ತಂತಿಗಳ ಎಳೆತಕ್ಕೆ ಮುಂದಿನ ಹಲಗೆ ಬಾಗಿಹೋಗದಂತೆ ಅದರ ಒಳಮೈಗೆ ಅಡ್ಡಪಟ್ಟಿಗಳನ್ನು ಅಂಟಿಸುತ್ತಿದ್ದರು.

ಗಿಬ್ಸನ್ನನಿಗೆ ಈ ಕ್ರಮವು ಒಪ್ಪಿಗೆಯಾಗಲಿಲ್ಲ. ಬಗ್ಗಿಸಿದ ಮರವು ಬಲಾತ್ಕಾರಕ್ಕೆ ಒಳಗಾದ ಮರ. ಅದು ಸಹಜವಾಗಿ ಮಿಡಿಯಲಾರದು. ಬಿಡಿ ತುಂಡುಗಳು ಹೆಚ್ಚಾದಷ್ಟೂ, ಒಳಗಿನ ಪಟ್ಟಿಗಳು ಹೆಚ್ಚಾದಷ್ಟೂ ನಾದವು ಕುಗ್ಗುತ್ತದೆ. ಇದು ಆತನ ನಂಬಿಕೆ. ಆದುದರಿಂದ ಆತನು ಪಿಟೀಲಿನ ಮಾದರಿಯನ್ನು ಅನುಸರಿಸಿ, ಮುಂದಿನ ಹಾಗೂ ಹಿಂದಿನ ಹಲಗೆಗಳನ್ನು ದಪ್ಪ ಮರದಿಂದ ಉಬ್ಬುತಗ್ಗಾಗಿ ಕೆತ್ತಿ ತೆಗೆದನು. ಅಷ್ಟಕ್ಕೇ ನಿಲ್ಲದೆ ಪಕ್ಕಗಳನ್ನೂ ಬಗ್ಗಿಸದೆ ಇಡಿಯ ಮರದಿಂದಲೇ ಕೊರೆದನು. ಕತ್ತಿನ ಮರವನ್ನು ಪಕ್ಕಗಳೊಡನೆ ಒಂದಾಗಿಸಿ, ಅದರೊಳಗೂ ಸ್ವಲ್ಪ ದೂರ ಪೊಳ್ಳು ಮಾಡಿ, ಗಾಳಿಯ ಅವಕಾಶವನ್ನು ಹೆಚ್ಚಿಸಿದನು. ನಮ್ಮ ದೇಶದ ಏಕಾಂಡ ವೀಣೆಯನ್ನು ನೋಡಿದವರಿಗೆ ಈ ವಿಚಾರವು ಹೊಸದೆನಿಸಲಾರದು. ಕೊಡ, ದಂಡಿ, ತಲೆ ಎಲ್ಲವನ್ನೂ ಹಲಸಿನ ಒಂದೇ ತುಂಡಿನಿಂದ ತೋಡಿ ತೆಗೆಯುವ ನಮ್ಮ ಆಚಾರಿಗಳ ಮನಸ್ಸಿನಲ್ಲಿದ್ದುದೂ ನಾದಕ್ಕೆ ಬೆಸುಗೆಯ ತಡೆಯಿರಬಾರದೆಂಬ ಭಾವನೆಯೇ. ದೂರದ ಕಲಮಜೂವಿನ ಗುಮಾಸ್ತನು ತನ್ನದೇ ದಾರಿಯಲ್ಲಿ ಅದರ ಸಮೀಪಕ್ಕೆ ಬಂದಿದ್ದನು.

ಉಬ್ಬಿದ ಹಲಗೆಯ ಗುಣವನ್ನು ಇಲ್ಲಿ ವಿವರಿಸುವುದು ಅವಶ್ಯ. ಸಪಾಟು ಹಲಗೆಯ ಗಿಟಾರಿನಲ್ಲಿ ತಂತಿಗಳನ್ನು ಹಲಗೆಗೇ ಅಂಟಿಸಿದ ಕುದುರೆಗೆ ಕಟ್ಟಿರುತ್ತದೆ. ತಂತಿಯು ಹಲಗೆಯನ್ನು ಕಿತ್ತೆಳೆಯುತ್ತಿರುತ್ತದೆ. ಉಬ್ಬು ಹಲಗೆಯ ವಾದ್ಯದಲ್ಲಿ ಕುದುರೆಯನ್ನು ಅಂಟಿಸುವುದಿಲ್ಲ. ತಂತಿಯು ಅದರ ಮೇಲೆ ಹಾದು ವಾದ್ಯದ ತುದಿಯಲ್ಲಿರುವ ಕೊಕ್ಕೆಯನ್ನು ಸೇರುತ್ತದೆ. ಕುದುರೆಯು ಹಲಗೆಯನ್ನು ಕೆಳಕ್ಕೆ ಒತ್ತುತ್ತದೆ. ಕಲ್ಲಿನ ಕಮಾನು ತನ್ನ ಮೇಲಿನ ಭಾರವನ್ನು ಎರಡು ಪಕ್ಕದ ಗೋಡೆಗಳಿಗೆ ಹಂಚುವಂತೆ, ಉಬ್ಬು ಹಲಗೆಯು ಈ ಒತ್ತಡವನ್ನು ಅಂಚುಗಳಿಗೆ ಹಂಚುತ್ತದೆ. ಹೀಗೆ ಹಲಗೆಯು ತೆಳುವಾಗಿದ್ದೂ ಗಟ್ಟಿಯಾಗಿ ನಿಲ್ಲುತ್ತದೆ. ಪಿಟೀಲಿನವರಿಗೆ ಶತಮಾನಗಳಿಂದ ತಿಳಿದಿದ್ದ ಈ ತತ್ತ್ವವನ್ನು ಮೀಟುವ ವಾದ್ಯಗಳಿಗೆ ಅಳವಡಿಸಿ ಬಳಕೆಗೆ ತಂದ ಹಿರಿಮೆಯಲ್ಲಿ ಗಿಬ್ಸನ್ನನ ಪಾಲು ದೊಡ್ಡದು.

1895ರ ಮೇ ತಿಂಗಳಲ್ಲಿ ಆತನು ತನ್ನ ಮ್ಯಾಂಡೊಲಿನ್ ರಚನೆಗೆ ಪೇಟೆಂಟು ಬೇಡಿ ಅರ್ಜಿ ಹಾಕಿದನು. 1898ರ ಫೆಬ್ರವರಿ 1ರಂದು ಅದು ಮಂಜೂರಾಯಿತು. ಆತನ ಬಾಳಿನಲ್ಲಿ ದೊರೆತ ಪೇಟೆಂಟು ಅದೊಂದೇ. ಅಷ್ಟರಲ್ಲಿ ಗುಮಾಸ್ತಿಕೆಯನ್ನು ಬಿಟ್ಟು ವಾದ್ಯ ತಯಾರಿಕೆಯನ್ನೇ ವೃತ್ತಿಯನ್ನಾಗಿ ಮಾಡಿಕೊಂಡಿದ್ದನು. ಸ್ಪ್ರೂಸ್ ಮರದ ಮುಖ, ಅಕ್ರೋಟು ಮರದ ಬೆನ್ನು, ತಲೆಯ ಮೇಲೆ ಮುತ್ತಿನ ಚಿಪ್ಪಿನಿಂದ ಕೂರಿಸಿದ ನಕ್ಷತ್ರ ಮತ್ತು ಬಾಲಚಂದ್ರ. ಇವು ಆತನ ವಾದ್ಯಗಳ ಗುರುತು. ಅವುಗಳ ನಾದವು ಗಟ್ಟಿಯಾಗಿತ್ತು, ಬೇಡಿಕೆಯೂ ಬೆಳೆಯಿತು. ಆದರೆ ಒಬ್ಬನೇ ಕುಳಿತು ಇಡಿಯ ಮರದಿಂದ ಕೆತ್ತುವ ಕೆಲಸ ಎಷ್ಟು ಬೇಗ ಸಾಗೀತು? ಕೇಳುವವರು ಹೆಚ್ಚಿದರು, ಮಾಡುವವನು ಒಬ್ಬನೇ ಉಳಿದನು.

ಈ ಹಂತದಲ್ಲಿ ಬಂಡವಾಳವು ರಂಗಪ್ರವೇಶ ಮಾಡಿತು. 1902ರ ಅಕ್ಟೋಬರಿನಲ್ಲಿ ಕಲಮಜೂವಿನ ಐದು ಮಂದಿ ಸೇರಿ ಗಿಬ್ಸನ್ ಮ್ಯಾಂಡೊಲಿನ್ ಗಿಟಾರ್ ತಯಾರಿಕಾ ಕಂಪನಿಯನ್ನು ಸ್ಥಾಪಿಸಿದರು. ಆರ್ವಿಲ್ ಗಿಬ್ಸನ್ ಆ ಐವರಲ್ಲಿ ಒಬ್ಬನಾಗಿರಲಿಲ್ಲ. ಪೇಟೆಂಟಿನ ಹಕ್ಕಿಗಾಗಿ ಆತನಿಗೆ 2,500 ಡಾಲರುಗಳನ್ನು ಕೊಟ್ಟರು. ಹೆಸರು ಆತನದು, ಕಲ್ಪನೆ ಆತನದು. ಸಂಸ್ಥೆ ಮಾತ್ರ ಇತರರದು. ಹೊಸ ಕೆಲಸಗಾರರಿಗೆ ತನ್ನ ಕ್ರಮವನ್ನು ಕಲಿಸುವುದು ಆತನ ಪಾಲಿಗೆ ಬಂದಿತು. ಸ್ವಲ್ಪ ಕಾಲದಲ್ಲಿಯೇ ಆಡಳಿತ ಮಂಡಲಿಯು, ಆತನು ವಾಸ್ತವವಾಗಿ ಕೆಲಸ ಮಾಡಿದ ವೇಳೆಗೆ ಮಾತ್ರ ಹಣ ಕೊಡತಕ್ಕದ್ದೆಂದು ನಿರ್ಣಯ ಮಾಡಿತು. ಯಾರ ಹೆಸರು ಬಾಗಿಲ ಮೇಲಿತ್ತೋ ಆತನೇ ಒಳಗೆ ದಿನಗೂಲಿಯವನಂತಾದನು.

ಕಾರ್ಖಾನೆಗೂ ಅದರದೇ ಆದ ಕಷ್ಟಗಳಿದ್ದುವು ಎಂಬುದನ್ನು ನ್ಯಾಯವಾಗಿ ಒಪ್ಪಬೇಕು. ಪಕ್ಕಗಳನ್ನು ಇಡಿಯ ಮರದಿಂದ ಕೊರೆದರೆ ಬಹುಪಾಲು ಮರ ಚಕ್ಕೆಯಾಗಿ ನೆಲಕ್ಕೆ ಬೀಳುತ್ತದೆ. ವಕ್ರವಾದೆಡೆಯಲ್ಲಿ ಮರದ ಎಳೆಯು ಅಡ್ಡವಾಗಿ ಕತ್ತರಿಸಿಹೋಗಿ ಅಲ್ಲಿ ಬಿರುಕು ಬಿಡುವ ಭಯವೂ ಉಂಟು. ಆದುದರಿಂದ ಕೆಲವೇ ವರ್ಷಗಳಲ್ಲಿ ಕಂಪನಿಯು ಪಕ್ಕಗಳನ್ನು ಬಗ್ಗಿಸುವ ಹಳೆಯ ಕ್ರಮಕ್ಕೆ ಮರಳಿತು; ಪೊಳ್ಳು ಕತ್ತನ್ನೂ ಕೈಬಿಟ್ಟಿತು. ಗಿಬ್ಸನ್ನನು ಯಾವುದನ್ನು ಸತ್ತ್ವವೆಂದು ತಿಳಿದಿದ್ದನೋ ಅದರಲ್ಲಿ ಅರ್ಧ ಹೊರಟುಹೋಯಿತು. ಉಳಿದದ್ದು ಉಬ್ಬು ಹಲಗೆಯೊಂದೇ.

ಆತನ ಕೊನೆಯ ದಿನಗಳು ಸುಖದವಲ್ಲ. 1907ರಿಂದ 1911ರವರೆಗೆ ಹಲವು ಸಲ ಆಸ್ಪತ್ರೆ ಸೇರಬೇಕಾಯಿತು. 1908ರಿಂದ ಕಂಪನಿಯು ಆತನಿಗೆ ವರ್ಷಕ್ಕೆ 500 ಡಾಲರುಗಳನ್ನು ಕೊಡುತ್ತ ಬಂದಿತು. ಆತನು ಕಲಮಜೂವನ್ನು ಬಿಟ್ಟು ತಾನು ಹುಟ್ಟಿದ ಸಂಸ್ಥಾನಕ್ಕೆ ಹಿಂದಿರುಗಿದನು. 1916ರಲ್ಲಿ ಮತ್ತೆ ಆಸ್ಪತ್ರೆ. 1918ರ ಆಗಸ್ಟ್ ತಿಂಗಳಲ್ಲಿ ಆಗ್ಡೆನ್ಸ್‌ಬರ್ಗ್ ಎಂಬ ಊರಿನ ಮಾನಸಿಕ ಚಿಕಿತ್ಸಾಲಯದಲ್ಲಿ ಹೃದ್ರೋಗದಿಂದ ತೀರಿಕೊಂಡನು. ಅದರ ಹಿಂದಿನ ವರ್ಷವಷ್ಟೇ ಆತನ ಹೆಸರಿನ ಕಂಪನಿಯು ಕಲಮಜೂವಿನ ಪಾರ್ಸನ್ಸ್ ಬೀದಿಯಲ್ಲಿ ಹೊಸ ಕಾರ್ಖಾನೆಗೆ ಪ್ರವೇಶ ಮಾಡಿತ್ತು.

ಆದರೆ ಮನುಷ್ಯನ ವಿಚಾರಕ್ಕೆ ಮನುಷ್ಯನಿಗಿಂತ ಹೆಚ್ಚಿನ ಆಯುಸ್ಸು. 1919ರಲ್ಲಿ ಲಾಯ್ಡ್ ಲೋರ್ ಎಂಬ ವಾದ್ಯತಜ್ಞನು ಕಂಪನಿಗೆ ಬಂದನು. 1922ರಲ್ಲಿ ಆತನ ನೇತೃತ್ವದಲ್ಲಿ ಹೊರಬಂದ ಎಫ್-5 ಮ್ಯಾಂಡೊಲಿನ್ ಮತ್ತು ಎಲ್-5 ಗಿಟಾರ್ ಉಬ್ಬು ಹಲಗೆಯ ವಾದ್ಯಗಳೇ. ಅವಕ್ಕೆ ಪಿಟೀಲಿನಂತಹ ಎರಡು ನೀಳ ರಂಧ್ರಗಳನ್ನು ತೆರೆದಿದ್ದರು. ಗಿಬ್ಸನ್ನನು ಬೇಡವೆಂದಿದ್ದ ಪಟ್ಟಿಗಳು ಎಲ್-5ರ ಒಳಗೆ ಪುನಃ ಬಂದಿದ್ದುವು. 1936ರಲ್ಲಿ ಇದೇ ಜಾತಿಯ ಗಿಟಾರಿಗೆ ಅಯಸ್ಕಾಂತ ಮತ್ತು ತಂತಿಯ ಸುರುಳಿಯುಳ್ಳ ಪಿಕಪ್ ಜೋಡಿಸಿ, ಇ.ಎಸ್.-150 ಎಂಬ ವಿದ್ಯುತ್ ಗಿಟಾರನ್ನು ಮಾಡಿದರು. ಚಾರ್ಲಿ ಕ್ರಿಶ್ಚಿಯನ್ ಎಂಬ ತರುಣನು ಅದನ್ನು ನುಡಿಸಿ ಜಾಸ್ ಸಂಗೀತದಲ್ಲಿ ಗಿಟಾರಿಗೆ ಹೊಸ ಸ್ಥಾನವನ್ನು ತಂದನು.

ಮುಂದೆ 1958ರಲ್ಲಿ ಇ.ಬಿ.-2 ಎಂಬ ಪೊಳ್ಳು ಮೈಯ ವಿದ್ಯುತ್ ಬೇಸ್ ಗಿಟಾರ್ ಹೊರಟಿತು. ನಾಲ್ಕು ದಪ್ಪ ತಂತಿಗಳ ಮಂದ್ರ ಸ್ವರದ ವಾದ್ಯವಿದು. ಪೊಳ್ಳು ಮೈಗೆ ವಿದ್ಯುತ್ತು ಕೂಡಿದಾಗ ಒಂದು ತೊಡಕುಂಟು. ಧ್ವನಿವರ್ಧಕದಿಂದ ಹೊರಟ ಸದ್ದು ವಾದ್ಯದ ಹಲಗೆಯನ್ನೇ ಅಲುಗಿಸಿ, ಆ ಅಲುಗಾಟ ಪಿಕಪ್‌ನ ಮೂಲಕ ಪುನಃ ಧ್ವನಿವರ್ಧಕಕ್ಕೆ ಹೋಗಿ, ಕೊನೆಗೆ ಒಂದೇ ಊಳಾಗಿಬಿಡುತ್ತದೆ. ಅದನ್ನು ತಡೆಯಲು ಮೈಯ ನಡುವೆ ಉದ್ದಕ್ಕೂ ಗಟ್ಟಿಮರದ ದಿಮ್ಮಿಯನ್ನಿಟ್ಟು, ಎರಡು ಪಕ್ಕಗಳನ್ನು ಮಾತ್ರ ಪೊಳ್ಳಾಗಿ ಬಿಟ್ಟರು. ಅದರ ಹಲಗೆಗಳು ಉಳಿಯಿಂದ ಕೆತ್ತಿದವಲ್ಲ. ತೆಳು ಪದರಗಳನ್ನು ಅಂಟಿಸಿ ಅಚ್ಚಿನಲ್ಲಿ ಒತ್ತಿದವು. ಆದರೂ ಉಬ್ಬು ಉಳಿಯಿತು. ಇಂದು ಮನೆಯ ಕಾರ್ಯಾಗಾರದಲ್ಲಿ ಇಂತಹ ಬೇಸ್ ಗಿಟಾರನ್ನು ಕಟ್ಟಲು ಕೂರುವ ಹವ್ಯಾಸಿಯೂ ಮೊದಲು ಇದೇ ಪ್ರಶ್ನೆಗಳನ್ನು ಎದುರಿಸುತ್ತಾನೆ: ಹಲಗೆಯನ್ನು ಕೆತ್ತಬೇಕೇ, ಒತ್ತಬೇಕೇ? ಪಕ್ಕವನ್ನು ಬಗ್ಗಿಸಬೇಕೇ, ಕೊರೆಯಬೇಕೇ? ಒಳಗೆ ಎಷ್ಟು ಮರ, ಎಷ್ಟು ಗಾಳಿ? ನೂರಿಪ್ಪತ್ತು ವರ್ಷಗಳಿಗೂ ಹಿಂದೆ ಬಿಡುವಿನ ವೇಳೆಯಲ್ಲಿ ಒಬ್ಬ ಗುಮಾಸ್ತನು ತನ್ನನ್ನು ತಾನೇ ಕೇಳಿಕೊಂಡ ಪ್ರಶ್ನೆಗಳಿವು.

ಗಿಬ್ಸನ್ನನು ಎಲ್ಲದರಲ್ಲಿಯೂ ಸರಿಯಾಗಿದ್ದನೆಂದು ಹೇಳುವಂತಿಲ್ಲ. ಆತನ ಹಟಗಳಲ್ಲಿ ಹಲವು ಕಾಲದ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಆದರೆ ರೂಢಿಯ ಕ್ರಮವನ್ನು ಪ್ರಶ್ನಿಸಿ, ಆ ಪ್ರಶ್ನೆಗೆ ಬಾಯಿಂದಲ್ಲದೆ ಕೈಯಿಂದ ಉತ್ತರ ಹೇಳಿದನು. ಅಲ್ಲಿಯೇ ಆತನ ದೊಡ್ಡತನವಿದೆ. ನಮ್ಮಲ್ಲಿ ಅನೇಕರು ಮನೆತನದಲ್ಲಿ ಮೊದಲಿಗರಾಗಿ ಕಾಲೇಜಿನ ಮೆಟ್ಟಿಲನ್ನು ಹತ್ತಿದವರು. ಹಿರಿಯರ ಕೈಯಲ್ಲಿದ್ದ ಉಳಿ, ಮಗ್ಗ, ನೇಗಿಲುಗಳನ್ನು ಹಿಂದೆ ಬಿಟ್ಟು ಬಂದಿದ್ದೇವೆ. ಪದವಿಯು ಕೈಗೆ ಬರುವ ಈ ಹೊತ್ತಿನಲ್ಲಿ ಎರಡು ಮಾತುಗಳನ್ನು ಆತನ ಬಾಳಿನಿಂದ ಕಲಿಯಬಹುದು. ಕೈಕೆಲಸವೂ ಒಂದು ಬಗೆಯ ಚಿಂತನೆಯೇ, ಅದು ವಿದ್ಯೆಗಿಂತ ಕೀಳಲ್ಲ ಎಂಬುದು ಒಂದು. ಕೆಲಸ ಬಲ್ಲವನು ತನ್ನ ಕೆಲಸದ ಬೆಲೆಯನ್ನೂ ಲೆಕ್ಕವನ್ನೂ ಬಲ್ಲವನಾಗಿರಬೇಕು, ಇಲ್ಲವಾದರೆ ಹೆಸರು ಮಾತ್ರ ಉಳಿದು ಫಲವು ಪರರ ಪಾಲಾಗುತ್ತದೆ ಎಂಬುದು ಇನ್ನೊಂದು. ಮೊದಲನೆಯದನ್ನು ನಮ್ಮ ಹಿರಿಯರು ಬಲ್ಲರು. ಎರಡನೆಯದನ್ನು ಅವರಿಗಾಗಿ ಕಲಿಯುವುದು ಓದು ಬಲ್ಲ ನಮ್ಮ ಹೊಣೆ.