ಸತೀಶ್ ಧವನ್

ಸತೀಶ್ ಧವನ್ ಅವರು 1920ರ ಸೆಪ್ಟೆಂಬರ್ 25ರಂದು ಶ್ರೀನಗರದಲ್ಲಿ ಜನಿಸಿದರು. ಲಾಹೋರಿನಲ್ಲಿ ಗಣಿತ, ಭೌತಶಾಸ್ತ್ರಗಳಲ್ಲಿ ಪದವಿ ಪಡೆದು, ಇಂಗ್ಲಿಷ್ ಸಾಹಿತ್ಯವನ್ನೂ ಯಂತ್ರಶಿಲ್ಪವನ್ನೂ ಅಭ್ಯಸಿಸಿದರು. ಅಮೆರಿಕದಲ್ಲಿ ವಾಯುಯಾನ ವಿಜ್ಞಾನದ ಉನ್ನತ ವ್ಯಾಸಂಗವನ್ನು ಮುಗಿಸಿ 1951ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರವನ್ನು ಸೇರಿದರು. 1972ರಲ್ಲಿ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ ಅಧ್ಯಕ್ಷ ಪದವಿ ಒದಗಿದಾಗಲೂ ಅವರು ವಿಜ್ಞಾನ ಮಂದಿರದ ನಿರ್ದೇಶಕರಾಗಿಯೇ ಮುಂದುವರಿದರು. ಸಂಸ್ಥೆಯ ಪ್ರಧಾನ ಕಚೇರಿಯೇ ಬೆಂಗಳೂರಿಗೆ ಬಂದಿತು.

ಬಾಹ್ಯಾಕಾಶ ಯಂತ್ರದೊಳಗಿನ ದೋಷವನ್ನು ಕಂಡುಹಿಡಿಯುವುದು ಸುಲಭವಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ರೈತರು ಅಟ್ಟದ ಮೇಲಿಟ್ಟ ತೆಂಗಿನಕಾಯಿಯನ್ನು ಕುಲುಕಿ, ಒಳಗೆ ಕೊಬ್ಬರಿಯಾಗಿದೆಯೇ ಎಂಬುದನ್ನು ಸದ್ದಿನಿಂದಲೇ ಅರಿಯುತ್ತಾರೆ. ರಾಕೆಟ್ಟಿನ ವಿಷಯದಲ್ಲಿಯೂ ಹೊರಗೆ ದೊರೆಯುವ ಕುರುಹುಗಳೇ ಆಧಾರ. ಒತ್ತಡ, ಉಷ್ಣತೆ ಮೊದಲಾದವನ್ನು ಗಣಕಯಂತ್ರವು ತಾನೇ ಪರೀಕ್ಷಿಸುತ್ತದೆ. ಮಿತಿ ಮೀರಿದರೆ ಉಡಾವಣೆಯನ್ನು ತಡೆಯುತ್ತದೆ.

1979ರ ಆಗಸ್ಟ್ 10ರಂದು ಶ್ರೀಹರಿಕೋಟದಲ್ಲಿ ಎಸ್.ಎಲ್.ವಿ.-3 ವಾಹನವು ಸಿದ್ಧವಾಗಿತ್ತು. ಯೋಜನೆಯ ನಿರ್ದೇಶಕರಾಗಿದ್ದ ಅಬ್ದುಲ್ ಕಲಾಂ ಅವರು ಮುಂದೆ ತಿಳಿಸಿದಂತೆ, ಕೊನೆಯ ಗಳಿಗೆಯಲ್ಲಿ ಗಣಕಯಂತ್ರವು ಎಣಿಕೆಯನ್ನು ನಿಲ್ಲಿಸಿತು. ನಿಯಂತ್ರಣ ವ್ಯವಸ್ಥೆಯಲ್ಲಿ ಸೋರಿಕೆಯಿತ್ತು. ಉಳಿದ ದ್ರವವೇ ಸಾಕೆಂದು ತಜ್ಞರು ಲೆಕ್ಕಹಾಕಿದರು. ಕಲಾಂ ಅವರು ತಡೆಯನ್ನು ಬದಿಗೊತ್ತಿ ಅಪ್ಪಣೆಯಿತ್ತರು. ಮೊದಲ ಹಂತವು ಸರಿಯಾಗಿ ಉರಿಯಿತು. ಎರಡನೆಯ ಹಂತದಲ್ಲಿ ವಾಹನವು ಹತೋಟಿ ತಪ್ಪಿ ಬಂಗಾಳ ಕೊಲ್ಲಿಗೆ ಬಿದ್ದಿತು.

ಅನೇಕ ವರ್ಷಗಳ ದುಡಿಮೆ ಕೆಲವೇ ನಿಮಿಷಗಳಲ್ಲಿ ಕಡಲ ಪಾಲಾಗಿತ್ತು. ಪತ್ರಕರ್ತರ ಪ್ರಶ್ನೆಗಳು ಹರಿತವಾಗಿದ್ದವು. ಧವನ್ ಅವರು ಕಲಾಂ ಅವರನ್ನು ಮುಂದೊಡ್ಡಲಿಲ್ಲ. ಸೋಲಿನ ಹೊಣೆಯನ್ನು ತಾವೇ ಹೊತ್ತರು. ಇಂಥ ಹಿರಿಯರು ಅಪರೂಪವೆಂದೇ ಹೇಳಬೇಕು. ತನಿಖೆಯಲ್ಲಿ ದೋಷದ ಮೂಲ ತಿಳಿಯಿತು: ಎರಡನೆಯ ಹಂತದ ಕವಾಟವೊಂದು ಸಿಕ್ಕಿಕೊಂಡು ನೈಟ್ರಿಕ್ ಆಮ್ಲವು ಸೋರಿಹೋಗಿತ್ತು. 1980ರ ಜುಲೈ 18ರಂದು ಅದೇ ಬಗೆಯ ವಾಹನವು ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಅಂದು ಪತ್ರಕರ್ತರೊಡನೆ ಮಾತನಾಡುವ ಅವಕಾಶವನ್ನು ಧವನ್ ಅವರು ಕಲಾಂ ಅವರಿಗೇ ಬಿಟ್ಟುಕೊಟ್ಟರು.

ತೆಂಗಿನ ಸೀಮೆಗೆ ಸಮೀಪದ ಹಾಸನದಲ್ಲಿ ಉಪಗ್ರಹಗಳ ಮುಖ್ಯ ನಿಯಂತ್ರಣ ಕೇಂದ್ರವು ತಲೆಯೆತ್ತಿದ್ದು ಇವರ ಕಾಲದಲ್ಲಿಯೇ. 1982ರ ಏಪ್ರಿಲ್‌ನಲ್ಲಿ ಹಾರಿದ ಇನ್ಸಾಟ್-1ಎ ಅದೇ ಸೆಪ್ಟೆಂಬರಿನಲ್ಲಿ ನಿರುಪಯುಕ್ತವಾಯಿತು. ಮರುವರ್ಷದ ಇನ್ಸಾಟ್-1ಬಿ ಉಪಗ್ರಹದ ಸೌರಫಲಕವೂ ಮೊದಲು ಬಿಚ್ಚಿಕೊಳ್ಳಲಿಲ್ಲ. ಕೈಗೆಟುಕದ ಆ ಯಂತ್ರಕ್ಕೆ ನೆಲದಿಂದ ಸಂಜ್ಞೆಗಳನ್ನು ಕಳುಹಿಸಿ, ಹಲವು ದಿನಗಳ ಪ್ರಯತ್ನದ ಬಳಿಕ ಅದನ್ನು ಬಿಚ್ಚಿಸಲಾಯಿತು.

1984ರಲ್ಲಿ ಧವನ್ ಅವರು ಅಧ್ಯಕ್ಷ ಪದವಿಯಿಂದ ನಿವೃತ್ತರಾದರು. ಹಕ್ಕಿಗಳ ಹಾರಾಟವೂ ಅವರ ಪ್ರಿಯವಾದ ಅಧ್ಯಯನವಾಗಿತ್ತು. 2002ರ ಜನವರಿ 3ರಂದು ಅವರು ಬೆಂಗಳೂರಿನಲ್ಲಿ ನಿಧನರಾದರು. ಅದೇ ವರ್ಷ ಶ್ರೀಹರಿಕೋಟದ ಉಡಾವಣಾ ಕೇಂದ್ರಕ್ಕೆ ಅವರ ಹೆಸರನ್ನಿಡಲಾಯಿತು.