ಆಲ್ಝೈಮರ್ ಎಂಬ ವೈದ್ಯರು

ನಿಮ್ಮ ಮನೆಯ ಹಿರಿಯರು ಉಂಡು ಕೈತೊಳೆದ ಮೇಲೂ ಯಾರೂ ಊಟ ಹಾಕಲಿಲ್ಲವೆಂದು ಮುನಿಸಿಕೊಂಡದ್ದುಂಟೇ? ಹೆತ್ತ ಮಗಳ ಹೆಸರಿಗೆ ತಡಕಾಡಿದ್ದುಂಟೇ? ನಾವು ಅದನ್ನು ಹಟವೆಂದು ತಿಳಿದು ಗದರಿಬಿಡುತ್ತೇವೆ. ಆಮೇಲೆ ವೈದ್ಯರು ಆಲ್ಝೈಮರ್ ಕಾಯಿಲೆ ಎನ್ನುತ್ತಾರೆ. ಅದು ಒಬ್ಬ ಮನುಷ್ಯನ ಹೆಸರು.

ಆಲೋಯಿಸ್ ಆಲ್ಝೈಮರ್ 1864ರ ಜೂನ್ 14ರಂದು ಜರ್ಮನಿಯ ಬವೇರಿಯದ ಮಾರ್ಕ್ಟ್‌ಬ್ರೈಟ್ ಪಟ್ಟಣದ ಕಥೋಲಿಕ ಕುಟುಂಬವೊಂದರಲ್ಲಿ ಜನಿಸಿದರು. ವೈದ್ಯರಾಗಿ 1888ರಲ್ಲಿ ಫ್ರಾಂಕ್‌ಫರ್ಟಿನ ಮಾನಸಿಕ ಆಸ್ಪತ್ರೆಗೆ ಸೇರಿದರು. 1901ರಲ್ಲಿ ಪತ್ನಿ ಸೆಸಿಲಿಯಾ ಮೂವರು ಮಕ್ಕಳನ್ನು ಬಿಟ್ಟು ತೀರಿಕೊಂಡರು. ಅದೇ ವರ್ಷ ನವೆಂಬರ್‌ನಲ್ಲಿ ಆಗುಸ್ಟೆ ಎಂಬ 51 ವರ್ಷದ ಗೃಹಿಣಿ ಅವರ ಆಸ್ಪತ್ರೆಗೆ ಬಂದರು.

ಆಲ್ಝೈಮರ್ ಆಕೆಯ ಬಳಿ ಕುಳಿತು ಪ್ರಶ್ನಿಸುತ್ತಿದ್ದರು. ಪೆನ್ಸಿಲ್, ಬೀಗದ ಕೈ ತೋರಿಸಿದರೆ ಹೆಸರು ಸರಿಯಾಗಿ ಹೇಳುವರು. ಸ್ವಲ್ಪ ಹೊತ್ತಿಗೆ ತೋರಿಸಿದ್ದೇ ಮರೆತಿರುತ್ತಿತ್ತು. ಹೂಕೋಸು, ಹಂದಿಮಾಂಸ ಉಣ್ಣುತ್ತಲೇ ತಾನು ತಿನ್ನುತ್ತಿರುವುದು ಸೊಪ್ಪು ಎಂದರು. ಆಲ್ಝೈಮರ್ ಎಲ್ಲವನ್ನೂ ಬರೆದಿಟ್ಟರು. ಆದರೆ ತಲೆಯೊಳಗೆ ಏನಾಗಿದೆಯೆಂದು ನೋಡುವ ದಾರಿ ಇರಲಿಲ್ಲ. ಎಕ್ಸ್‌ರೇ 1895ರಲ್ಲೇ ಬಂದಿತ್ತು, ನಿಜ; ಅದು ತೋರಿಸುವುದು ಬುರುಡೆಯ ಮೂಳೆಯನ್ನು, ಮೆದುಳನ್ನಲ್ಲ.

1906ರ ಏಪ್ರಿಲ್‌ನಲ್ಲಿ ಆಗುಸ್ಟೆ ತೀರಿಕೊಂಡಾಗ ಆಲ್ಝೈಮರ್ ಮ್ಯೂನಿಕ್‌ನಲ್ಲಿದ್ದರು. ಆಕೆಯ ಮೆದುಳನ್ನು ಅಲ್ಲಿಗೆ ತರಿಸಿಕೊಂಡು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ಮೆದುಳು ಸೊರಗಿತ್ತು, ಜೀವಕೋಶಗಳೊಳಗೆ ಸಿಕ್ಕುಗಟ್ಟಿದ ಎಳೆಗಳು, ಹೊರಗೆ ಗಂಟುಗಂಟಾದ ಕಲೆಗಳು. ನವೆಂಬರ್ 3ರಂದು ಟ್ಯೂಬಿಂಗನ್‌ನ ವೈದ್ಯರ ಸಭೆಯಲ್ಲಿ ಇದನ್ನು ವಿವರಿಸಿದಾಗ ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ! 1910ರಲ್ಲಿ ಅವರ ಹಿರಿಯ ಸಹೋದ್ಯೋಗಿ ಕ್ರೆಪೆಲಿನ್ ತಮ್ಮ ಗ್ರಂಥದಲ್ಲಿ ಈ ರೋಗಕ್ಕೆ ಆಲ್ಝೈಮರರ ಹೆಸರಿಟ್ಟರು. 1915ರ ಡಿಸೆಂಬರ್ 19ರಂದು ಆಲ್ಝೈಮರ್ ನಿಧನರಾದರು. ಅವರಿಗೂ ಆಗ 51 ವರ್ಷ.

ಅವರು ಸತ್ತವರ ಮೆದುಳಿನಲ್ಲಿ ಕಂಡದ್ದನ್ನು ಇಂದು ಬದುಕಿರುವಾಗಲೇ ಒಂದಿಷ್ಟು ಕಾಣಬಹುದು. ನಿಮ್ಮ ತಂದೆಗೋ ತಾಯಿಗೋ ಸಿ.ಟಿ. ಅಥವಾ ಎಂ.ಆರ್.ಐ. ಸ್ಕ್ಯಾನ್ ಬರೆದುಕೊಟ್ಟರೆ ಗಾಬರಿಯಾಗಬೇಡಿ. ಮರೆವಿಗೆ ಗಡ್ಡೆ, ಹೆಪ್ಪುಗಟ್ಟಿದ ರಕ್ತ, ಮೆದುಳಲ್ಲಿ ತುಂಬಿದ ನೀರು ಕಾರಣವೇ ಎಂದು ಮೊದಲು ನೋಡುತ್ತಾರೆ. ಅವುಗಳಲ್ಲಿ ಕೆಲವನ್ನು ಗುಣಪಡಿಸಬಹುದು. ಹೊಸ ನೆನಪುಗಳನ್ನು ಕೂಡಿಡುವ ಹಿಪ್ಪೊಕ್ಯಾಂಪಸ್ ಎಂಬ ಭಾಗ ಕುಗ್ಗಿದ್ದರೆ ಎಂ.ಆರ್.ಐ.ಯಲ್ಲಿ ಕಾಣುತ್ತದೆ. ಪೆಟ್ ಎಂಬ ಇನ್ನೊಂದು ಸ್ಕ್ಯಾನ್ ಇದೆ. ಆಲ್ಝೈಮರ್ ಕಂಡ ಆ ಕಲೆಗಳಿಗೇ ಅಂಟಿಕೊಳ್ಳುವ ಔಷಧವನ್ನು ರಕ್ತನಾಳಕ್ಕೆ ಚುಚ್ಚಿ ಚಿತ್ರ ತೆಗೆಯುವ ವಿಧಾನ ಅದರಲ್ಲಿ 2004ರಿಂದ ಪ್ರಸಿದ್ಧಿಗೆ ಬಂತು.

ಆದರೆ ನೆನಪು ಚೆನ್ನಾಗಿರುವ ಕೆಲವು ವೃದ್ಧರಲ್ಲೂ ಈ ಕಲೆಗಳಿರುತ್ತವೆ. ಆದ್ದರಿಂದ ವೈದ್ಯರು ಚಿತ್ರವೊಂದನ್ನೇ ನಂಬದೆ ನಿಮ್ಮನ್ನೂ ಕೇಳುತ್ತಾರೆ: ಮರೆವು ಎಂದು ಶುರುವಾಯಿತು, ಮೊದಲು ಏನು ಮರೆತರು, ದಾರಿ ತಪ್ಪಿದ್ದುಂಟೇ? ಹೋಗುವ ಮುನ್ನ ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಳ್ಳಿ.