ಅರಮನೆಯ ಪಿಯಾನೋ

ಮಿರ್ಲೆಯ ನಮ್ಮ ಬಂಧುಗಳೊಬ್ಬರ ಮನೆಯಲ್ಲಿ ಈಚೆಗೆ ಮದುವೆ ಗೊತ್ತಾಯಿತು. ಛತ್ರ, ಅಡಿಗೆ, ಜವಳಿ ಎಲ್ಲವೂ ಒಂದೆರಡು ಮಾತಿನಲ್ಲಿ ತೀರ್ಮಾನವಾದುವು; ಹಾಡುಗಳ ಪಟ್ಟಿ ಮಾತ್ರ ಮೂರು ಸಂಜೆಗಳನ್ನು ನುಂಗಿತು. ಮದುಮಗಳ ಅಜ್ಜಿಗೆ ಸೋಬಾನೆ ಪದ ಬೇಕು. ತಂದೆಗೆ ನಾಗಸ್ವರ ಬೇಕು, ಅದರಲ್ಲಿಯೂ ತ್ಯಾಗರಾಜರ ಸೀತಾಕಲ್ಯಾಣ ತಪ್ಪಕೂಡದು. ಬೆಂಗಳೂರಿನಲ್ಲಿ ಓದುತ್ತಿರುವ ತಮ್ಮನು ವಿದ್ಯುತ್ ಪಿಯಾನೋ ನುಡಿಸಬಲ್ಲ. ಅಕ್ಕ ಮಂಟಪಕ್ಕೆ ಬರುವಾಗ ಮೆಂಡೆಲ್ಸನ್ನನ ಮದುವೆಯ ಮಾರ್ಚನ್ನು ತಾನು ನುಡಿಸಬೇಕೆಂದೂ, ಧಾರೆಯ ಹೊತ್ತಿಗೆ ಸೀತಾಕಲ್ಯಾಣವನ್ನೂ ಪಿಯಾನೋದಲ್ಲಿಯೇ ಮುಗಿಸಿಬಿಡಬಹುದೆಂದೂ ಅವನ ಹಟ. ಮೇಷ್ಟರಾಗಿದ್ದವನು ಎಂಬ ಒಂದೇ ಕಾರಣಕ್ಕೆ ತೀರ್ಪು ಹೇಳುವ ಭಾರ ನನ್ನ ತಲೆಗೆ ಬಂತು. ತೀರ್ಪಿಗೆ ಬದಲಾಗಿ ನಾನು ಆ ಹುಡುಗನಿಗೆ ಪಿಯಾನೋ ಬಲ್ಲ ಒಬ್ಬ ಅರಸರ ಕಥೆ ಹೇಳಿದೆ.

ಮಿರ್ಲೆಯವರಾದ ನಾವು ಕೃಷ್ಣರಾಜನಗರದ ಬಸ್ಸು ಹತ್ತುವಾಗಲೆಲ್ಲ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರನ್ನು ಹೇಳುತ್ತೇವೆ. ಅವರ ತಮ್ಮ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಒಬ್ಬನೇ ಮಗನಾಗಿ ಜಯಚಾಮರಾಜ ಒಡೆಯರು 1919ರ ಜುಲೈ 18ರಂದು ಹುಟ್ಟಿದರು. ಆ ಕಾಲದ ಮೈಸೂರಿನ ಅರಮನೆಯಲ್ಲಿ ಕಿವಿಗೆ ಬಡತನವಿರಲಿಲ್ಲ. ಒಂದು ಕಡೆ ವೀಣೆ ಶೇಷಣ್ಣನವರ ಪರಂಪರೆ, ವಾಸುದೇವಾಚಾರ್ಯರ ಗಾಯನ. ಇನ್ನೊಂದು ಕಡೆ ಪಾಶ್ಚಾತ್ಯ ವಾದ್ಯಗಳ ಬ್ಯಾಂಡು. ನಾಲ್ವಡಿಯವರೇ ಹಲವು ವಾದ್ಯಗಳನ್ನು ಬಲ್ಲವರು. ಇಂಥ ಮನೆಯಲ್ಲಿ ಬೆಳೆದ ಹುಡುಗ ಪಿಯಾನೋದ ಮುಂದೆ ಕುಳಿತುದು ಆಶ್ಚರ್ಯವಲ್ಲ. ಅಲ್ಲಿಂದ ಏಳಲು ಮನಸ್ಸು ಮಾಡದೆಹೋದುದೇ ವಿಶೇಷ. ತಂಗಿ ವಿಜಯಾದೇವಿಯವರಿಗೂ ಅದೇ ವಾದ್ಯದ ಮೋಹ. ಅರಸುಮಕ್ಕಳ ವಿನೋದವೆಂದು ನಾವು ನಗಬಹುದಾಗಿತ್ತು. ಆದರೆ ಇವರು ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿ ಪಡೆದರು, 1945ರಲ್ಲಿ ಟ್ರಿನಿಟಿ ಸಂಗೀತ ಕಾಲೇಜಿನ ಗೌರವ ಫೆಲೋ ಆದರು.

1938ರಲ್ಲಿ ಮಹಾರಾಜಾ ಕಾಲೇಜಿನಿಂದ ಪದವೀಧರರಾಗಿ ಹೊರಬಂದರು, ಮರುವರ್ಷ ಯೂರೋಪಿಗೆ ಹೋಗಿಬಂದರು. ಸಭೆಯ ಮುಂದೆ ನುಡಿಸುವ ಪಿಯಾನೋ ವಾದಕರಾಗಬೇಕೆಂಬುದು ಅವರ ಆಸೆ. ಆಗ 1940 ಬಂತು. ಮಾರ್ಚಿಯಲ್ಲಿ ತಂದೆ ತೀರಿಕೊಂಡರು, ಆಗಸ್ಟಿನಲ್ಲಿ ದೊಡ್ಡಪ್ಪ. ಸೆಪ್ಟೆಂಬರಿನಲ್ಲಿ ಇಪ್ಪತ್ತೊಂದು ವರ್ಷದ ಯುವಕ ಸಿಂಹಾಸನದ ಮೇಲೆ ಕುಳಿತಿದ್ದರು. ಇದನ್ನು ತ್ಯಾಗವೆಂದು ಕರೆಯಲು ನನಗೆ ಸಂಕೋಚ. ಸಿಂಹಾಸನ ಸಿಕ್ಕವರನ್ನು ಕಂಡು ಮರುಗುವುದು ನಮ್ಮಂಥ ಸಂಬಳದವರಿಗೆ ಒಪ್ಪುವುದಿಲ್ಲ. ಆದರೂ ಆರು ತಿಂಗಳೊಳಗೆ ಒಂದು ಬಾಳು ಮುಚ್ಚಿ ಇನ್ನೊಂದು ತೆರೆದುದು ನಿಜ, ಮುಚ್ಚಿದುದು ಅವರು ತಾವೇ ಆರಿಸಿಕೊಂಡಿದ್ದ ಬಾಳು.

ತಾವು ಏರಲಾಗದ ವೇದಿಕೆಗೆ ಅವರು ಬೇರೆಯವರನ್ನು ಏರಿಸಿದರು. ನಿಕೊಲಾಯ್ ಮೆಟ್ನರ್ ಎಂಬ ರಷ್ಯದ ರಚನಕಾರ, ಪಿಯಾನೋಗಾಗಿಯೇ ಬದುಕಿದವನು, ಲಂಡನ್ನಿನಲ್ಲಿ ಮುಪ್ಪು, ಕಾಯಿಲೆ, ಕೈಕೊರತೆಗಳ ನಡುವೆ ದಿನ ತಳ್ಳುತ್ತಿದ್ದ. ಹೊಸ ಮಾರ್ಗದವರಿಗೆ ಅವನು ಹಳಬ, ಹಳೆಯ ರಸಿಕರಿಗೆ ಅಪರಿಚಿತ. ಆತನ ಕೃತಿಗಳನ್ನು ಆತನೇ ನುಡಿಸಿ ಧ್ವನಿಮುದ್ರಿಸಲು ಮೈಸೂರಿನ ಮಹಾರಾಜರು ಹಣ ಒದಗಿಸಿದರು. 1948ರಲ್ಲಿ ಮೆಟ್ನರ್ ಸೊಸೈಟಿ ಹುಟ್ಟಿತು. ಮುದುಕ ತನ್ನ ಮೂರನೆಯ ಪಿಯಾನೋ ಕಾನ್ಚೆರ್ಟೊವನ್ನು ಅವರಿಗೆ ಅರ್ಪಿಸಿದ. 1951ರಲ್ಲಿ ಅವನು ತೀರಿಕೊಳ್ಳುವ ಹೊತ್ತಿಗೆ ಅವನ ಕೈಬೆರಳ ನಾದ ತಟ್ಟೆಗಳಲ್ಲಿ ಭದ್ರವಾಗಿತ್ತು. ಈ ಉಪಕಾರ ನಡೆಯದಿದ್ದರೆ ಮೆಟ್ನರನನ್ನು ಮೆಟ್ನರನೇ ನುಡಿಸಿದುದು ನಮಗೆ ಇಷ್ಟೊಂದು ಉಳಿಯುತ್ತಿರಲಿಲ್ಲ.

ಲಂಡನ್ನಿನ ಫಿಲ್‌ಹಾರ್ಮೋನಿಯ ವಾದ್ಯವೃಂದಕ್ಕೂ ಅವರ ನೆರವು ಹರಿಯಿತು. 1948ರಲ್ಲಿ ಅದರ ಕಚೇರಿ ಸಂಘಕ್ಕೆ ಅವರೇ ಮೊದಲ ಅಧ್ಯಕ್ಷರು. ರಿಚರ್ಡ್ ಸ್ಟ್ರಾಸ್ 1949ರಲ್ಲಿ ತೀರಿಕೊಂಡ. ಅವನು ಬಿಟ್ಟುಹೋದ ಕೊನೆಯ ನಾಲ್ಕು ಹಾಡುಗಳನ್ನು 1950ರ ಮೇ 22ರಂದು ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ಕರ್ಸ್ಟನ್ ಫ್ಲಾಗ್‌ಸ್ಟಾಡ್ ಮೊದಲ ಬಾರಿಗೆ ಹಾಡಿದಳು, ವೃಂದವನ್ನು ನಡೆಸಿದವನು ಫುರ್ಟ್‌ವೆಂಗ್ಲರ್. ಆ ಕಚೇರಿಯ ಖರ್ಚಿಗೆ ಹೊಣೆ ನಿಂತವರು ಜಯಚಾಮರಾಜರು. ದೂರದ ಮೈಸೂರಿನಲ್ಲಿದ್ದ ಅವರಿಗಾಗಿ ಹಾಡುಗಳನ್ನು ಮುದ್ರಿಸಿ ಕಳುಹಿಸಲಾಯಿತು. ಆ ಹೊತ್ತಿಗೆ ಮೈಸೂರು ಭಾರತ ಗಣರಾಜ್ಯದೊಳಗೆ ಸೇರಿಹೋಗಿತ್ತು, ಅರಸರು ರಾಜಪ್ರಮುಖರಾಗಿದ್ದರು. ಮುಂದೆ ರಾಜ್ಯಪಾಲರೂ ಆದರು. ಆಡಳಿತದ ಆ ಭಾಗವನ್ನು ಚರಿತ್ರೆಕಾರರಿಗೆ ಬಿಡುತ್ತೇನೆ.

ನನ್ನ ಶ್ರೋತೃವಿಗೆ ಇಲ್ಲಿಯವರೆಗೆ ಪರಮಾನಂದ. ಮೈಸೂರಿನ ದೊರೆಯೇ ಪಿಯಾನೋ ಪಕ್ಷ ಎಂದಮೇಲೆ ಅಜ್ಜಿ ಸೋತಂತೆಯೇ ಎಂದು ಅವನ ಎಣಿಕೆ. ಆದರೆ ಕಥೆಯ ಮುಖ್ಯಭಾಗ ಇನ್ನೂ ಉಳಿದಿತ್ತು. ಇಷ್ಟು ಬಲ್ಲ ಈ ಅರಸರು ತಾವೇ ರಚನೆಗೆ ತೊಡಗಿದಾಗ ಏನು ಬರೆದರು? ತೊಂಬತ್ತನಾಲ್ಕು ಕೃತಿಗಳು, ಎಲ್ಲವೂ ಕರ್ನಾಟಕ ಸಂಗೀತದವು. ವಾಸುದೇವಾಚಾರ್ಯರ ಬಳಿ ಶಾಸ್ತ್ರ ಕಲಿತು, ವೆಂಕಟಗಿರಿಯಪ್ಪನವರಿಂದ ವೀಣೆ ಕಲಿತು, ಶ್ರೀವಿದ್ಯಾ ಉಪಾಸನೆಯ ದೀಕ್ಷೆ ಪಡೆದು, ಸಂಸ್ಕೃತದಲ್ಲಿ ಸಾಹಿತ್ಯ ಕಟ್ಟಿ ಶ್ರೀವಿದ್ಯಾ ಎಂಬ ಅಂಕಿತವನ್ನಿಟ್ಟರು. ಅಪರೂಪದ ರಾಗಗಳನ್ನು ಹುಡುಕಿ ಹುಡುಕಿ ಬಳಸಿದರು.

ಹೀಗೇಕಾಯಿತೆಂಬುದಕ್ಕೆ ಕಾರಣ ವಾದ್ಯದಲ್ಲಿಯೇ ಸ್ವಲ್ಪಮಟ್ಟಿಗೆ ಇದೆಯೆಂದು ನನ್ನ ಊಹೆ. ಪಿಯಾನೋದ ಕೀಲಿಯನ್ನು ಒತ್ತಿದರೆ ಒಳಗೆ ಸುತ್ತಿಗೆಯೊಂದು ತಂತಿಯನ್ನು ಬಡಿಯುತ್ತದೆ. ಸ್ವರ ಹುಟ್ಟಿದ ಕಡೆಯೇ ನಿಂತು ಮೆಲ್ಲನೆ ಕರಗುತ್ತದೆ. ಅದನ್ನು ಬಾಗಿಸುವಂತಿಲ್ಲ, ಜಾರಿಸುವಂತಿಲ್ಲ. ಅದರ ಐಶ್ವರ್ಯವೇ ಬೇರೆ: ಹತ್ತು ಬೆರಳುಗಳಿಗೆ ಹತ್ತು ಸ್ವರ ಒಟ್ಟಿಗೆ ಏಳುತ್ತವೆ, ಒಂದರ ಮೇಲೊಂದು ಮಹಡಿ ಕಟ್ಟುತ್ತವೆ. ವೀಣೆಯಲ್ಲಿ ಒಂದೇ ಮೆಟ್ಟಿಲ ಮೇಲೆ ತಂತಿಯನ್ನು ಎಳೆದು ಸ್ವರದಿಂದ ಸ್ವರಕ್ಕೆ ನಡೆದುಹೋಗಬಹುದು. ರಾಗದ ಜೀವ ಆ ನಡಿಗೆಯಲ್ಲಿದೆ. ಸೀತಾಕಲ್ಯಾಣದ ಸ್ವರಗಳನ್ನು ಪಿಯಾನೋದಲ್ಲಿ ಬೇಕಾದಷ್ಟು ಸರಿಯಾಗಿ ನುಡಿಸಬಹುದು, ಗಮಕ ಮಾತ್ರ ಹೊರಗೇ ನಿಲ್ಲುತ್ತದೆ. ಎರಡನ್ನೂ ಬಲ್ಲ ಆ ಅರಸರು ಒಂದನ್ನು ಇನ್ನೊಂದರ ವೇಷದಲ್ಲಿ ನಿಲ್ಲಿಸಲಿಲ್ಲ. ಪಿಯಾನೋದಲ್ಲಿ ಮೆಟ್ನರನನ್ನು ಕೇಳಿದರು, ದೇವಿಯನ್ನು ಕರೆಯಬೇಕಾದಾಗ ವೀಣೆಯ ದಾರಿ ಹಿಡಿದರು.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಮೆಂಡೆಲ್ಸನ್ನನ ಗತಿಯೇನು ಎಂದು ಆಮೇಲೆ ಕೇಳಿದ. 1842ರಲ್ಲಿ ಷೇಕ್ಸ್‌ಪಿಯರನ ನಾಟಕವೊಂದಕ್ಕಾಗಿ ಹುಟ್ಟಿದ ಸಂಗೀತ ಅದು. 1858ರಲ್ಲಿ ವಿಕ್ಟೋರಿಯಾ ರಾಣಿಯ ಮಗಳ ಮದುವೆಯಲ್ಲಿ ನುಡಿಸಿದ ಮೇಲೆ ಮದುವೆಗಳಿಗೆ ಅಂಟಿಕೊಂಡಿತು. ನಾಟಕದಿಂದ ಬಂದುದನ್ನು ಆರತಕ್ಷತೆಗೆ ಇಟ್ಟುಕೊಂಡರೆ ಯಾರೂ ಬೇಸರಪಡಲಾರರು ಎಂದೆ. ನಮ್ಮ ಆರತಕ್ಷತೆಗಳಲ್ಲಿ ನಾಟಕದ ಅಂಶ ಕಡಮೆಯೇನಲ್ಲವಷ್ಟೆ.

ಜಯಚಾಮರಾಜರು 1974ರ ಸೆಪ್ಟೆಂಬರ್ 23ರಂದು ತೀರಿಕೊಂಡರು, ಐವತ್ತೈದು ವರ್ಷದವರು. ಅರಮನೆಯಲ್ಲಿ ಅವರು ಕೂಡಿಸಿದ್ದ ತಟ್ಟೆಗಳ ಸಂಗ್ರಹ ಸಾವಿರಗಳಲ್ಲಿ ಎಣಿಸುವಷ್ಟು ದೊಡ್ಡದಾಗಿತ್ತು.

ಮೂರನೆಯ ಸಂಜೆ ಹುಡುಗನೇ ಪಟ್ಟಿ ಬರೆದ. ಮೊದಲಿಗೆ ನಾಗಸ್ವರದಲ್ಲಿ ಮಹಾರಾಜರ ಅಠಾಣ ರಾಗದ ಗಣಪತಿ ಕೃತಿ; ಧಾರೆಗೆ ಸೀತಾಕಲ್ಯಾಣ, ಅದೂ ನಾಗಸ್ವರದಲ್ಲಿ; ತಾಳಿಗೆ ಗಟ್ಟಿಮೇಳ; ಸಂಜೆ ಆರತಕ್ಷತೆಗೆ ಪಿಯಾನೋ, ಅರ್ಧ ಗಂಟೆ. ಸೋಬಾನೆಗೆ ಹೊತ್ತು ಗೊತ್ತುಮಾಡಲು ಅಜ್ಜಿಯನ್ನು ಕೇಳಿದಾಗ ಆಕೆ ಪಟ್ಟಿಯ ಕಡೆ ತಿರುಗಿಯೂ ನೋಡಲಿಲ್ಲ. ಎಲೆಗೆ ಸುಣ್ಣ ಹಚ್ಚುತ್ತ, ಆಗಲೇ ಒಂದು ಪದ ಶುರು ಮಾಡಿದ್ದರು.